ಸೊನ್ನಲಿಗೆಯಲ್ಲಿ ಒಂದು ಚಿತ್ರದರ್ಶನ

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರಿನ ದಾರಿ. ಎಸ್.ಟಿ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಇಕ್ಕೆಲಗಳಲ್ಲಿಯೂ ಕರಿಯ ಎರೆಯ ನೆಲ, ಅದರ ಮೇಲೆ ತೆನೆಹೊತ್ತು ನಿಂತ ಹಿಂಗಾರಿ ಜೋಳ. ಸಂಕ್ರಾಂತಿ ಕಳೆದು ಕೆಲವೇ ದಿನಗಳಾಗಿದ್ದವು. ಅಲ್ಲಲ್ಲಿ ಹೊಲದ ಬದುವಿನಲ್ಲಿ ಸೀತನಿ ಸುಡುವ ಹೊಗೆ ಏಳುತ್ತಿತ್ತು. ನಡುವಣ ಹಳ್ಳಿಯೊಂದರಲ್ಲಿ ಬುಟ್ಟಿ ಹಿಡಿದು ಹತ್ತಿದ ತಾಯಿಯೊಬ್ಬಳು ಕಂಡಕ್ಟರನಿಗೆ ಮರಾಠಿಯಲ್ಲಿ ಅರ್ಧ ಟಿಕೇಟು ಕೇಳಿದಳು. ಕುಳಿತೊಡನೆ ಪಕ್ಕದವಳೊಡನೆ ಕನ್ನಡದಲ್ಲಿ ಮಗಳ ಬಾಣಂತನದ ಮಾತು ತೆಗೆದಳು. ಹಣದ ಮಾತಿಗೆ ಒಂದು ಭಾಷೆ, ಕರುಳಿನ ಮಾತಿಗೆ ಇನ್ನೊಂದು: ಇದು ನಮ್ಮ ಗಡಿನಾಡಿನ ನಿತ್ಯದ ನಡೆ. ಇಲ್ಲಿಯವರಿಗೆ ಇದರಲ್ಲಿ ಸೋಜಿಗವೇನೂ ಇಲ್ಲ.

ನಾವು ಐದಾರು ಜನ ಅಂದು ಹೊರಟದ್ದು ಒಂದು ಚಲನಚಿತ್ರವನ್ನು ನೋಡಲು. ಸಿನಿಮಾಕ್ಕಾಗಿ ಇಷ್ಟು ದೂರ ಹೋಗುವ ವಯಸ್ಸು ನಮ್ಮದಲ್ಲವೆಂದು ಮನೆಯವರು ನಕ್ಕರು. ಆದರೆ ಚಿತ್ರ ಮರಾಠಿಯದಾದರೂ ಅದರಲ್ಲಿ ಕನ್ನಡದ ಹೆಣ್ಣುಮಗಳೊಬ್ಬಳ ಪಾತ್ರವಿದೆಯೆಂದು ಕೇಳಿದ್ದೆವು. ಅದನ್ನು ಕಣ್ಣಾರೆ ಕಾಣುವ ಆಸೆ ನಮ್ಮನ್ನು ಎಳೆಯಿತು.

ಪ್ರದರ್ಶನಕ್ಕೆ ಇನ್ನೂ ಮೂರು ತಾಸು ಹೊತ್ತಿದ್ದುದರಿಂದ ಮೊದಲು ಕೆರೆಯ ಕಡೆಗೆ ನಡೆದೆವು. ಸೊಲ್ಲಾಪುರಕ್ಕೆ ಹೋಗಿ ಸಿದ್ಧರಾಮನ ದರ್ಶನ ಮಾಡದೆ ಮರಳುವವರುಂಟೆ? ಹನ್ನೆರಡನೆಯ ಶತಮಾನದ ಈ ಶಿವಯೋಗಿ ಸೊನ್ನಲಿಗೆಯಲ್ಲಿ ಕೆರೆ ತೋಡಿಸಿದ, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದ, ಕಪಿಲಸಿದ್ಧ ಮಲ್ಲಿಕಾರ್ಜುನನ ಹೆಸರಿನಲ್ಲಿ ಕನ್ನಡ ವಚನಗಳನ್ನು ನುಡಿದ. ಇಂದಿಗೂ ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಊರನ್ನು ಸುತ್ತುತ್ತವೆ. ಮರಾಠಿಯವರು, ತೆಲುಗಿನ ನೇಕಾರರು, ಕನ್ನಡಿಗರು ಎಲ್ಲರೂ ಆ ದಿನ ಒಂದೇ ಬೀದಿಯಲ್ಲಿ ನಿಲ್ಲುತ್ತಾರೆ.

ಸಿದ್ಧರಾಮನ ಬಾಲ್ಯದ ಕಥೆಯನ್ನು ಓದುಗರು ಬಲ್ಲರು. ದನ ಕಾಯುವ ಹುಡುಗನ ಎದುರಿಗೆ ಅಪರಿಚಿತ ಜಂಗಮನೊಬ್ಬ ಬಂದು ಹಸಿವೆನ್ನುತ್ತಾನೆ. ಹುಡುಗ ಉಣಿಸು ತರಲೆಂದು ಮನೆಗೆ ಓಡುತ್ತಾನೆ. ಮರಳಿ ಬರುವಷ್ಟರಲ್ಲಿ ಆತ ಅಲ್ಲಿರುವುದಿಲ್ಲ. 'ಮಲ್ಲಯ್ಯಾ' ಎಂದು ಕರೆಯುತ್ತ ಹುಡುಗ ಶ್ರೀಶೈಲದವರೆಗೂ ಅಲೆಯುತ್ತಾನೆ. ರಾಘವಾಂಕ ಇದನ್ನು ಕಾವ್ಯವಾಗಿಸಿದ. ನಮ್ಮ ಅಜ್ಜಿಯರು ಒಲೆಯ ಮುಂದೆ ಕುಳಿತು ಹೇಳಿದರು. ಕಣ್ಮರೆಯಾದವರನ್ನು ಹುಡುಕುವುದು, ಗುರುತಿಲ್ಲದವರಿಗೆ ಉಣಿಸುವುದು, ಇವೆರಡೂ ಈ ಊರಿನ ಮೊದಲ ಕಥೆಯಲ್ಲಿಯೇ ಇವೆ. ಅಂದು ಸಂಜೆ ಪರದೆಯ ಮೇಲೆಯೂ ಇವೆರಡನ್ನೇ ಕಾಣಲಿದ್ದೇವೆಂದು ಕೆರೆಯ ದಂಡೆಯಲ್ಲಿ ನಿಂತ ನಮಗೆ ತಿಳಿದಿರಲಿಲ್ಲ.

ಸೊಲ್ಲಾಪುರ ಗಿರಣಿಯ ಊರು. 1877ರಲ್ಲಿ ಇಲ್ಲಿ ಮೊದಲ ಬಟ್ಟೆ ಗಿರಣಿ ಹುಟ್ಟಿತು. ಆ ಗಿರಣಿಗಳ ಭೋಂಗಾ ಎಂದೋ ನಿಂತುಹೋಗಿದೆ. ಈಗ ಓಣಿಗಳಲ್ಲಿ ವಿದ್ಯುತ್ ಮಗ್ಗಗಳ ಸದ್ದು. ಚಾದರ, ಟವೆಲ್ಲುಗಳ ಅಂಗಡಿಗಳನ್ನು ದಾಟಿ, ಒಂದೆಡೆ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿಂದು, ಹೇಳಿದ ವೇಳೆಗೆ ಸಭಾಗೃಹವನ್ನು ಮುಟ್ಟಿದೆವು.

ಊರಿನ ಕೆಲವು ಚಿತ್ರಾಸಕ್ತರು ಶಾಲೆಯೊಂದರ ಸಭಾಗೃಹವನ್ನು ಕೇಳಿ ಪಡೆದು ಏರ್ಪಡಿಸಿದ್ದ ಪ್ರದರ್ಶನವದು. ಬಿಳಿಯ ಪರದೆ, ಮಡಚುವ ಕುರ್ಚಿಗಳು, ಹಿಂದೆ ಚಹದ ಪಾತ್ರೆ. ನೂರು ಜನಕ್ಕಿಂತ ಹೆಚ್ಚಿರಲಿಲ್ಲ. ಸಿನಿಮಾ ಈ ಊರಿಗೆ ಹೊಸದಲ್ಲ. 1910ರಲ್ಲಿ ಇಲ್ಲಿ ಹುಟ್ಟಿ, ಚೀನಾದಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುತ್ತ 1942ರಲ್ಲಿ ತೀರಿಕೊಂಡ ಡಾ. ದ್ವಾರಕಾನಾಥ ಕೋಟಣೀಸರ ಬಾಳನ್ನು ವ್ಹಿ. ಶಾಂತಾರಾಮರು 1946ರಲ್ಲಿಯೇ ಚಿತ್ರವಾಗಿಸಿದ್ದರು. ಆದರೆ ಅದು ದೊಡ್ಡ ಚಿತ್ರಮಂದಿರಗಳ ಸಿನಿಮಾ. ಈ ಸಂಜೆಯ ಚಿತ್ರ ಅಂಥದಲ್ಲ. ದೊಡ್ಡ ಬಂಡವಾಳ, ದೊಡ್ಡ ಪ್ರಚಾರಗಳ ಹಂಗಿಲ್ಲದೆ, ಊರೂರಿನ ಇಂಥ ಸಣ್ಣ ಸಭೆಗಳಲ್ಲಿಯೂ ತನ್ನ ನೋಡುಗರನ್ನು ಹುಡುಕಿಕೊಳ್ಳುವ ಚಿತ್ರ. ಅದರ ಹೆಸರು 'ಅಸ್ತು'. ಸಂಸ್ಕೃತದ ಈ ಪದಕ್ಕೆ 'ಹಾಗೆಯೇ ಆಗಲಿ' ಎಂದರ್ಥ. ನಿರ್ದೇಶಕರು ಪುಣೆಯ ಸುಮಿತ್ರಾ ಭಾವೆ ಮತ್ತು ಸುನೀಲ ಸುಕಥನಕರ.

ಕಥೆ ಸರಳವಾದುದು. ಚಕ್ರಪಾಣಿ ಶಾಸ್ತ್ರಿಗಳು ಸಂಸ್ಕೃತದ ದೊಡ್ಡ ವಿದ್ವಾಂಸರು, ನಿವೃತ್ತರು. ಬಾಳೆಲ್ಲ ಶಬ್ದಗಳೊಡನೆ ಕಳೆದ ಅವರಿಗೆ ಈಗ ಶಬ್ದಗಳೇ ಕೈಕೊಡುತ್ತಿವೆ. ಅಲ್‌ಜೈಮರ್ ಕಾಯಿಲೆ ಅವರ ನೆನಪನ್ನು ಒಂದೊಂದೇ ಪುಟವಾಗಿ ಹರಿಯುತ್ತಿದೆ. ಹಿರಿಯ ಮಗಳು ಒಂದು ದಿನ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಗೆ ಬಂದಾಗ, ಆಕೆ ಅತ್ತ ಹೋದ ಸ್ವಲ್ಪ ಹೊತ್ತಿನಲ್ಲಿ, ಬೀದಿಯಲ್ಲಿ ಆನೆಯೊಂದು ಹಾದುಹೋಗುತ್ತದೆ. ಮುದುಕರ ಕಣ್ಣಿನಲ್ಲಿ ಮಗುವಿನ ಬೆರಗು ಮೂಡುತ್ತದೆ. ಇಳಿದು ಅದರ ಹಿಂದೆ ನಡೆದೇಬಿಡುತ್ತಾರೆ. ಇತ್ತ ಮಗಳು ಪೊಲೀಸರು, ಬಂಧುಗಳು ಎಂದು ಅಲೆಯುತ್ತಿರುವಾಗ, ಅತ್ತ ಆನೆಯನ್ನು ಕಟ್ಟಿಕೊಂಡು ಬೀದಿ ಬೀದಿ ತಿರುಗಿ ಹೊಟ್ಟೆ ಹೊರೆಯುವ ಮಾವುತ ದಂಪತಿಗಳ ಪಾಲಿಗೆ ಈ ಅಪರಿಚಿತ ವೃದ್ಧರು ಬಂದು ಬೀಳುತ್ತಾರೆ. ಮಾವುತನ ಹೆಂಡತಿಯ ಹೆಸರು ಚನ್ನಮ್ಮ.

ಚನ್ನಮ್ಮ ಬಾಯಿ ತೆರೆದಾಗ ಸಭಾಗೃಹದಲ್ಲಿ ಒಂದು ಸಣ್ಣ ಕಲಕಾಟವಾಯಿತು. ಕುರ್ಚಿಗಳು ಕಿರುಗುಟ್ಟಿದವು, ಯಾರೋ ಪಕ್ಕದವರ ಕೈ ಹಿಡಿದರು. ಆಕೆಯ ಮಾತು ಕನ್ನಡ ಬೆರೆತ ಮರಾಠಿ. ಪೇಟೆಯಲ್ಲಿ ಇಂಥ ಮಾತನ್ನು ಆಡಿ ನಮ್ಮ ತಾಯಂದಿರು ಎಷ್ಟು ಸಲ ನಗೆಗೀಡಾಗಿಲ್ಲ? ಅದೇ ಮಾತು ಇಲ್ಲಿ ತಾಯ್ತನದ ಮಾತಾಗಿ ನಿಂತಿತು. ಶಾಸ್ತ್ರಿಗಳು ಯಾರು, ಎಲ್ಲಿಯವರು ಎಂದು ಆಕೆಗೆ ಗೊತ್ತಿಲ್ಲ. ಎಷ್ಟು ಗ್ರಂಥ ಓದಿದವರೆಂಬುದು ಆಕೆಗೆ ಬೇಕಾಗಿಯೂ ಇಲ್ಲ. ಆಕೆಗೆ ಕಾಣುವುದು ಹಸಿದ, ದಿಕ್ಕುಗಾಣದ, ಕೂಸಿನಂತಾದ ಒಂದು ಜೀವ. ಅದನ್ನು ಆಕೆ ಕೂಸಿನಂತೆಯೇ ನೋಡಿಕೊಳ್ಳುತ್ತಾಳೆ. ಅವರೂ ಆಕೆಯಲ್ಲಿ ತಮ್ಮ ತಾಯಿಯನ್ನು ಕಾಣುತ್ತಾರೆ. ಕಥೆಯ ಕೊನೆಯನ್ನು ಇಲ್ಲಿ ಹೇಳುವುದಿಲ್ಲ. ಓದುಗರು ಅವಕಾಶ ಸಿಕ್ಕಾಗ ನೋಡಿಯೇ ತಿಳಿಯಬೇಕು.

ಚನ್ನಮ್ಮನಾಗಿ ಅಭಿನಯಿಸಿದವರು ಅಮೃತಾ ಸುಭಾಷ. ಈ ಪಾತ್ರಕ್ಕಾಗಿ ಅವರಿಗೆ 2013ನೆಯ ಸಾಲಿನ ಅತ್ಯುತ್ತಮ ಪೋಷಕ ನಟಿ ರಾಷ್ಟ್ರಪ್ರಶಸ್ತಿ ಹಂಚಿಕೆಯಲ್ಲಿ ದೊರೆಯಿತು. ಸಂಭಾಷಣೆಗಾಗಿ ಸುಮಿತ್ರಾ ಭಾವೆಯವರಿಗೂ ಅದೇ ಸಾಲಿನಲ್ಲಿ ಪ್ರಶಸ್ತಿ ಬಂತು. ಕನ್ನಡ ಮರಾಠಿಗಳು ಕೂಡಿದ ಮಾತಿಗೆ ದಿಲ್ಲಿಯಲ್ಲಿ ಮನ್ನಣೆ ಸಿಕ್ಕಿತೆಂದು ನಾವು ಸ್ವಲ್ಪ ಹೆಮ್ಮೆಪಟ್ಟುಕೊಂಡರೆ ತಪ್ಪಿಲ್ಲ. ಶಾಸ್ತ್ರಿಗಳ ಪಾತ್ರ ವಹಿಸಿದ ಡಾ. ಮೋಹನ ಆಗಾಶೆ 'ಘಾಶೀರಾಮ ಕೋತವಾಲ' ನಾಟಕದ ನಾನಾ ಫಡಣವೀಸನೆಂದು ಹಳೆಯ ತಲೆಮಾರಿನವರಿಗೆ ಪರಿಚಿತರು, ಸ್ವತಃ ಮನೋವೈದ್ಯರು. ಆದ್ದರಿಂದಲೇ ಇರಬೇಕು, ಅವರ ಅಭಿನಯದಲ್ಲಿ ರೋಗದ ಅಣಕವಿಲ್ಲ, ಅತಿಯಾದ ಕಣ್ಣೀರೂ ಇಲ್ಲ. ಬರಿದಾದ ಒಂದು ನೋಟ, ನಡುವೆಯೇ ನಿಂತುಹೋಗುವ ಒಂದು ಕೈ, ಅಷ್ಟೇ.

ಸುಮಿತ್ರಾ ಭಾವೆಯವರು ಸಮಾಜಕಾರ್ಯದ ಅಧ್ಯಾಪನದಿಂದ ಚಿತ್ರರಂಗಕ್ಕೆ ಬಂದವರು. ಕಾಯಿಲೆಯನ್ನು ಮನೆಯ ನಡುವೆ ಇಟ್ಟು, ಸುತ್ತಲಿನವರ ಪ್ರೀತಿ ಹೇಗೆ ಬಾಗುತ್ತದೆ, ಹೇಗೆ ಬಳಲುತ್ತದೆ ಎಂದು ನೋಡುವುದು ಈ ಜೋಡಿಯ ಕ್ರಮ. 2004ರ 'ದೇವರಾಯಿ' ಸ್ಕಿಜೋಫ್ರೇನಿಯಾಕ್ಕೆ ತುತ್ತಾದವನೊಬ್ಬ ಮತ್ತು ಆತನ ಸೋದರಿಯ ಕಥೆ. ಅದರ ನಾಯಕ ಅತುಲ ಕುಲಕರ್ಣಿ ಬೆಳಗಾವಿಯಲ್ಲಿ ಹುಟ್ಟಿ, ಇದೇ ಸೊಲ್ಲಾಪುರದ ರಂಗಭೂಮಿಯಲ್ಲಿ ಪಳಗಿದವರು. 2016ರ 'ಕಾಸವ್' ಖಿನ್ನತೆಯ ಕಥೆ. ಅದಕ್ಕೆ ಸ್ವರ್ಣಕಮಲ ದೊರೆಯಿತು. 2021ರ ಏಪ್ರಿಲಿನಲ್ಲಿ ಸುಮಿತ್ರಾಬಾಯಿ ತೀರಿಕೊಂಡರು. ಅವರ ಚಿತ್ರಗಳು ಇಂಥ ಸಭಾಗೃಹಗಳಲ್ಲಿ ಇನ್ನೂ ನಡೆಯುತ್ತಿವೆ.

ಈ ಚಿತ್ರದಲ್ಲಿ ನಮಗೆ ಮೆಚ್ಚಿಗೆಯಾದದ್ದು ಮಗಳ ಪಾತ್ರದ ಪ್ರಾಮಾಣಿಕತೆ. ಆಕೆ ತಂದೆಯನ್ನು ಪ್ರೀತಿಸುತ್ತಾಳೆ, ಆತನ ಮೇಲೆ ರೇಗುತ್ತಾಳೆ ಕೂಡ. ಗಂಡ, ಮಕ್ಕಳು, ಕೆಲಸ, ಅದರ ಮೇಲೆ ಈ ಭಾರ. ನಮ್ಮ ಮನೆಗಳಲ್ಲಿ ಹಿರಿಯರ ಸೇವೆ ಮಾಡುವ ಹೆಣ್ಣುಮಕ್ಕಳನ್ನು ದೇವತೆಯೆಂದು ಹೊಗಳುತ್ತೇವೆ. ಒಂದು ದಿನವಾದರೂ ಅವರನ್ನು ಆ ಕೆಲಸದಿಂದ ಬಿಡಿಸಿ ಮಲಗಗೊಡುತ್ತೇವೆಯೆ? ಬಳಲಿಕೆ ಪ್ರೀತಿಯ ಕೊರತೆಯಲ್ಲವೆಂದು ಈ ಚಿತ್ರ ಮೆಲುದನಿಯಲ್ಲಿ ಹೇಳುತ್ತದೆ.

ದೀಪ ಬಂದ ಮೇಲೆ ಚಹ ಹಂಚಿದರು. ಯಾರಿಗೂ ಎದ್ದು ಹೋಗುವ ಮನಸ್ಸಿರಲಿಲ್ಲ. ಇಳಕಲ್ಲ ಸೀರೆಯ ಹಿರಿಯ ತಾಯಿಯೊಬ್ಬರು ಮೊದಲು ಮಾತಾಡಿದರು: "ಆಕಿ ಮಾತ ಕೇಳಿದ್ರಿಲ್ರೀ? ನಮ್ಮ ಮನೀ ಮಾತ ಅದು. ಮರಾಠಿಯೊಳಗ ಚಾಲೂ ಮಾಡ್ತಾಳ, ಕನ್ನಡದಾಗ ಮುಗಸ್ತಾಳ." ಎಲ್ಲರೂ ನಕ್ಕರು.

ಆಗ ಹಿಂದಿನ ಸಾಲಿನಿಂದ ಇನ್ನೊಬ್ಬ ಹೆಣ್ಣುಮಗಳು ಎದ್ದು ನಿಂತಳು. "ನಮ್ಮ ಅತ್ತಿಯವರದೂ ಹಿಂಗ ಆಗೇದರೀ. ನಲವತ್ತ ವರ್ಷ ಬಜಾರದಾಗ ಮರಾಠಿ ಮಾತಾಡಿ ಬಳಿ ಮಾರಿದವರು. ಈಗ ಎರಡ ವರ್ಷಾತು, ಮರಾಠಿ ಪೂರಾ ಹೋಗೇದ. ತವರೂರಿನ ಕನ್ನಡ ಅಷ್ಟ ಉಳದದ. ಸತ್ತುಹೋದ ಅಕ್ಕನ್ನ ಕರೀತಾರ, ಬಾವಿಗೆ ಹೋಗೂಣು ಬಾ ಅಂತಾರ. ನನ್ನ ಮಗ ಮರಾಠಿ ಸಾಲಿಗೆ ಹೋಗ್ತಾನ, ಅವಗ ಕನ್ನಡ ಬರೂದಿಲ್ಲ. ನಾನು ಮನಿಯೊಳಗ ಇರಲಾರದಾಗ ಮುದುಕಿ ನೀರ ಬೇಡಿದ್ರ ಹುಡುಗ ಬರೇ ಮಾರಿ ನೋಡ್ತಾನ. ಒಂದ ಮನಿಯಾಗ ಇಬ್ಬರೂ ಪರದೇಸಿ ಆಗ್ಯಾರ."

ಸಭಾಗೃಹ ಮೌನವಾಯಿತು. ಈ ಮಾತಿನಲ್ಲಿ ನಮ್ಮ ಗಡಿನಾಡಿನ ಸಂಕಟವೆಲ್ಲ ಒಂದೇ ಗುಟುಕಿನಲ್ಲಿ ಬಂದುಬಿಟ್ಟಿತ್ತು. ನೆನಪಿನ ಕಾಯಿಲೆಯಲ್ಲಿ ಇತ್ತೀಚಿನದು ಮೊದಲು ಅಳಿಯುತ್ತದೆ, ಹಳೆಯದು ಹೆಚ್ಚು ಕಾಲ ಉಳಿಯುತ್ತದೆ. ಎರಡು ಭಾಷೆಗಳ ನಡುವೆ ಬಾಳಿದವರಲ್ಲಿ ಅನೇಕರು ರೋಗ ಬಲಿತಂತೆ ತಾಯಿಯ ಭಾಷೆಗೆ ಮರಳುವುದನ್ನು ವೈದ್ಯರು ಕಂಡಿದ್ದಾರೆ. ಎಲ್ಲರಿಗೂ ಹೀಗೆಯೇ ಆಗುತ್ತದೆಂದಲ್ಲ. ಆದರೆ ಆದವರ ಮನೆಯಲ್ಲಿ ಆ ಭಾಷೆಗೆ ಓಗೊಡುವವರು ಇಲ್ಲದೆ ಹೋದರೆ, ಕಾಯಿಲೆ ಕೊಟ್ಟ ಒಂಟಿತನಕ್ಕೆ ನಾವು ಕೊಟ್ಟ ಒಂಟಿತನವೂ ಸೇರಿಕೊಳ್ಳುತ್ತದೆ.

ಮರುದಿನ ಮುಂಜಾನೆ ಮರಳುವ ಮೊದಲು, ಹಿಂದೆ ಡಿ.ಎ.ವಿ. ಕಾಲೇಜು ಎನಿಸಿಕೊಂಡಿದ್ದ ವಿದ್ಯಾಲಯದ ಕಡೆಗೆ ಹೋಗಿಬಂದೆವು. ವರಕವಿ ಬೇಂದ್ರೆಯವರು 1944ರಿಂದ 1956ರವರೆಗೆ ಇಲ್ಲಿ ಕನ್ನಡ ಕಲಿಸಿದರು. ಮನೆಮಾತು ಮರಾಠಿ, ಕಾವ್ಯದ ಮಾತು ಕನ್ನಡ. ಸೊಲ್ಲಾಪುರಕ್ಕೆ ಅವರಿಗಿಂತ ಒಪ್ಪುವ ಮೇಷ್ಟ್ರು ಇನ್ನಾರು? ಈ ಊರಿನಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರೂ ಮರಾಠಿಯ ನಡುವೆ ಬೆಳೆದು, ಸಿದ್ಧರಾಮನ ಮೇಲೆ ಕನ್ನಡದಲ್ಲಿ ಪುರಾಣ ಬರೆದರು. 1974ರ ಮಂಡ್ಯದ ಸಾಹಿತ್ಯ ಸಮ್ಮೇಳನದಲ್ಲಿ ಅಧ್ಯಕ್ಷಪೀಠವೇರಿದ ಮೊದಲ ಮಹಿಳೆಯಾದರು. ಬೇಂದ್ರೆಯವರಿಗೆ 1958ರಲ್ಲಿ ಸಾಹಿತ್ಯ ಅಕಾದೆಮಿಯ ಪ್ರಶಸ್ತಿ ತಂದ ಕೃತಿಯ ಹೆಸರು 'ಅರಳು ಮರಳು'.

ಅರವತ್ತಕ್ಕೆ ಅರಳುಮರಳು ಎಂಬ ಗಾದೆಯನ್ನು ನಾವೆಲ್ಲ ಆಡುತ್ತೇವೆ. ಗಾದೆ ನಗುವಿಗೆ ಚೆನ್ನ. ಆದರೆ ಎಷ್ಟೋ ಮನೆಗಳಲ್ಲಿ ಅದು ರೋಗವನ್ನು ಮುಚ್ಚುವ ಚಾದರವಾಗಿದೆ. ವಯಸ್ಸಾದವರೆಲ್ಲ ಸ್ವಲ್ಪ ಮರೆಯುತ್ತಾರೆ. ಕನ್ನಡಕ ಎಲ್ಲಿಟ್ಟೆನೆಂದು ಹುಡುಕುವುದು ಮುಪ್ಪು. ಕನ್ನಡಕ ಏತಕ್ಕೆಂಬುದೇ ತಿಳಿಯದಾಗುವುದು, ನಿತ್ಯ ನಡೆದ ಓಣಿಯಲ್ಲಿ ದಾರಿ ತಪ್ಪುವುದು, ಉಂಡ ಗಳಿಗೆಯಲ್ಲಿಯೇ ಉಣಿಸಲಿಲ್ಲವೆಂದು ಜಗಳವಾಡುವುದು ಕಾಯಿಲೆಯಿರಬಹುದು. ಜರ್ಮನಿಯ ವೈದ್ಯ ಅಲ್‌ಜೈಮರ್ 1906ರಲ್ಲಿಯೇ ಇದನ್ನು ಮಿದುಳಿನ ರೋಗವೆಂದು ಗುರುತಿಸಿದ್ದ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದರ ಅಂದಾಜಿನಂತೆ, ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಎಂದರೆ ಸುಮಾರು 88 ಲಕ್ಷ ಜನರಿಗೆ ಇಂಥ ಮರೆವಿನ ರೋಗವಿದೆ.

ಅಲ್‌ಜೈಮರ್ ರೋಗವನ್ನು ಪೂರ್ತಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೂ ವೈದ್ಯರ ಬಳಿಗೆ ಹೋಗಬೇಕು. ಥೈರಾಯ್ಡಿನ ದೋಷ, ಬಿ-12 ಜೀವಸತ್ವದ ಕೊರತೆ, ಖಿನ್ನತೆ ಇವುಗಳಿಂದ ಬಂದ ಮರೆವಿಗೆ ಚಿಕಿತ್ಸೆಯುಂಟು. ಉಳಿದವರ ಬಗೆಗೆ ಮನೆಯವರು ಮಾಡಬಹುದಾದದ್ದೂ ಕಡಿಮೆಯಲ್ಲ: ಅಂಗಿಯ ಕಿಸೆಯಲ್ಲಿ, ಸೀರೆಯ ಸೆರಗಿನ ಗಂಟಿನಲ್ಲಿ ವಿಳಾಸ ಮತ್ತು ಫೋನ್ ಸಂಖ್ಯೆಯ ಚೀಟಿ ಇರಲಿ, ನಿತ್ಯದ ಕ್ರಮ ಬದಲಾಗದಿರಲಿ, ಅವರು ಹೇಳಿದ್ದು ತಪ್ಪೆಂದು ವಾದಕ್ಕೆ ನಿಲ್ಲುವುದು ಬೇಡ. ಬಾವಿಗೆ ಹೋಗೋಣವೆಂದರೆ, ಆ ಬಾವಿಯ ನೀರು ಸಿಹಿಯಿತ್ತೇ ಎಂದು ಕೇಳಿದರೆ ಸಾಕು. ಸೇವೆ ಮಾಡುವವರಿಗೆ ವಾರಕ್ಕೊಮ್ಮೆಯಾದರೂ ಬಿಡುವು ಸಿಗಲಿ.

ಇನ್ನೊಂದು ಮಾತನ್ನು ಗಡಿನಾಡಿನ ನಾವೇ ಸೇರಿಸಿಕೊಳ್ಳಬೇಕು. ಮಕ್ಕಳಿಗೆ ಕನ್ನಡವೇಕೆ ಎಂಬ ಪ್ರಶ್ನೆಗೆ ವೇದಿಕೆಗಳಲ್ಲಿ ನಾವು ದೊಡ್ಡ ದೊಡ್ಡ ಉತ್ತರಗಳನ್ನು ಕೊಡುತ್ತ ಬಂದಿದ್ದೇವೆ: ಪರಂಪರೆ, ಸಾಹಿತ್ಯ, ಅಭಿಮಾನ. ಎಲ್ಲವೂ ನಿಜವೇ. ಮಕ್ಕಳು ಮರಾಠಿಯಲ್ಲಿ ಓದುವುದು ಈ ನೆಲದ ಅಗತ್ಯ. ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಮನೆಯ ಮೂಲೆಯ ಹಾಸಿಗೆಯಲ್ಲಿ ಅಜ್ಜಿಯೊಬ್ಬಳು ಎಪ್ಪತ್ತು ವರ್ಷ ಹಿಂದಕ್ಕೆ ನಡೆದು ತನ್ನ ತವರಿನ ಅಂಗಳದಲ್ಲಿ ನಿಂತು ಕರೆದಾಗ, ಆ ಅಂಗಳದ ಭಾಷೆಯಲ್ಲಿ ಓಗೊಡಲು ಮೊಮ್ಮಗುವಿಗೆ ವ್ಯಾಕರಣ ಬೇಕಿಲ್ಲ, ಪರೀಕ್ಷೆ ಬೇಕಿಲ್ಲ. ನೀರು ಬೇಕೇನಜ್ಜಿ, ಹಸಿವಾತೇನು, ಥಂಡಿ ಆಗತದೇನು, ನಾ ಇಲ್ಲೇ ಇದ್ದೀನಿ. ಇಷ್ಟು ಬಂದರೂ ಸಾಕು. ಇದನ್ನು ಕಲಿಸಲು ಒಂದು ಸಂಜೆ ಸಾಲುತ್ತದೆ.