ಹರಳಿನ ಪೊಟ್ಟಣ

ನಮ್ಮ ಅತ್ತೆಯವರ ಏಳು ಹರಳಿನ ವಜ್ರದ ಓಲೆಯಲ್ಲಿ ಒಂದು ಹರಳು ಬಿದ್ದುಹೋಗಿ ವರ್ಷವಾಗಿತ್ತು. ನ್ಯೂಜೆರ್ಸಿಯ ನಮ್ಮ ಎಡಿಸನ್ನಿನ ಓಕ್ ಟ್ರೀ ರಸ್ತೆಯಲ್ಲಿ, ಉಳಿದ ಆರಕ್ಕೆ ಒಪ್ಪುವಂಥ ಹಳೆಯ ಕಾಲದ ಹರಳು ದೊರೆಯದೆ, ಕಡೆಗೆ ರೈಲು ಹತ್ತಿ, ಮ್ಯಾನ್‌ಹಟನ್ನಿನ ಐದನೆಯ ಮತ್ತು ಆರನೆಯ ಅವೆನ್ಯೂಗಳ ನಡುವಣ 47ನೆಯ ಬೀದಿಯ ವಜ್ರಪೇಟೆಗೆ ಹೋದೆ.

ಬೆಂಗಳೂರಿನ ಅವೆನ್ಯೂ ರಸ್ತೆಯಂತೆ ಅಲ್ಲಿಯೂ ಅಂಗಡಿಯ ಮಗ್ಗುಲಿಗೇ ಅಂಗಡಿ. ಒಂದೊಂದು ಹಜಾರದೊಳಗೂ ಸಾಲುಸಾಲಾಗಿ ಗಾಜಿನ ಕಟ್ಟೆಗಳು. ನಾನು ನಿಂತ ಕಟ್ಟೆಯ ವೃದ್ಧ ಯಹೂದಿ ವರ್ತಕರು ಓಲೆಯನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಿ, “ಇಂಥದು ನನ್ನಲ್ಲಿಲ್ಲ” ಎಂದವರೇ ಎದ್ದು ಎದುರು ಕಟ್ಟೆಗೆ ಹೋಗಿ, ಎರಡು ಮಾತನಾಡಿ, ಮಡಿಸಿದ ಬಿಳಿಯ ಕಾಗದದ ಪೊಟ್ಟಣವೊಂದನ್ನು ತಂದರು. ಬಿಡಿಸಿದರೆ ಒಳಗೆ ಐದು ಹರಳು. ಎಣಿಸಿ ಕೊಟ್ಟವರಿಲ್ಲ, ಎಣಿಸಿ ಪಡೆದವರಿಲ್ಲ. ಹೊರಮೈಯಲ್ಲಿ ಪೆನ್ಸಿಲಿನಿಂದ ಬರೆದ ತೂಕವೊಂದೇ ದಾಖಲೆ. ನನ್ನೊಡನೆ ಬೆಲೆ ಕುದುರಿದಾಗ ಅವರು ಎದುರಿಗೆ ನೋಡಿ “ಮಜಲ್” ಎಂದರು. ಶುಭವನ್ನು ಹಾರೈಸುವ ಆ ಹೀಬ್ರೂ ಮಾತು ಬಾಯಿಂದ ಹೊರಟಿತೆಂದರೆ ವ್ಯಾಪಾರ ಸ್ಥಿರವಾದಂತೆ. ಗುಜರಾತಿನ ಪಾಲನಪುರದ ಕಡೆಯ ಜೈನ ವರ್ತಕರೂ ಅದನ್ನೇ ನುಡಿದು ಕೈಕುಲುಕುತ್ತಾರೆ.

ಈ ಪೇಟೆಯ ವರ್ತಕರು ಸೇರಿರುವ, 1931ರಲ್ಲಿ ಸ್ಥಾಪಿತವಾದ ಡೈಮಂಡ್ ಡೀಲರ್ಸ್ ಕ್ಲಬ್ಬಿನ ಸದಸ್ಯರು ತಮ್ಮೊಳಗಿನ ವ್ಯಾಜ್ಯವನ್ನು ನ್ಯಾಯಾಲಯಕ್ಕೊಯ್ಯದೆ ತಮ್ಮವರದೇ ಪಂಚಾಯಿತಿಗೆ ಒಪ್ಪಿಸತಕ್ಕದ್ದು. ತೀರ್ಪಿಗೆ ತಲೆಬಾಗದವನ ಹೆಸರು ದೂರದ ವಜ್ರಪೇಟೆಗಳಲ್ಲಿಯೂ ಕೆಡುವುದು. ಈ ವ್ಯವಸ್ಥೆಯನ್ನು ಕುರಿತು 1992ರಲ್ಲಿ ಬರೆದ ನ್ಯಾಯಶಾಸ್ತ್ರಜ್ಞೆ ಲೀಸಾ ಬರ್ನ್‌ಸ್ಟೈನ್ ಅವರು ಒಳ್ಳೆಯ ಹೆಸರಿಗೆ ಇಲ್ಲಿರುವ ಬೆಲೆಯನ್ನು ವಿಶದಪಡಿಸಿದರು. ಅಂಗೈಯಲ್ಲಡಗುವ, ಎಲ್ಲಿ ಬೇಕಾದರೂ ಮಾರಬಹುದಾದ ವಸ್ತುವಿನೊಡನೆ ಕಣ್ಮರೆಯಾದವನನ್ನು ಯಾವ ನ್ಯಾಯಾಲಯ ಹಿಡಿದು ತಂದೀತು? ಆ ವಿವರಣೆ ಯುಕ್ತವೇ ಸರಿ.

ಆದರೂ, ಒಬ್ಬನೇ ಗಿರಾಕಿಗಾಗಿ ಪೈಪೋಟಿ ನಡೆಸುವ ಆ ಇಬ್ಬರನ್ನು ಅರ್ಧ ತಾಸು ನೋಡಿದ ನನಗೆ, ಅವರನ್ನು ಬೆಸೆದಿರುವುದು ಅಪಕೀರ್ತಿಯ ಭಯವೊಂದೇ ಎನ್ನಿಸಲಿಲ್ಲ. ಭಯಪಡುವವನು ಎಣಿಸಿಯಾದರೂ ಕೊಟ್ಟಾನು. ಬೆಳಗಾದರೆ ಒಬ್ಬರ ಮುಖವನ್ನೊಬ್ಬರು ನೋಡಲೇಬೇಕಾದವರ ನಡುವೆ ತಾನಾಗಿ ಬೆಳೆಯುವ ಭಾವಕ್ಕೆ ನಮ್ಮಲ್ಲಿ ದಾಕ್ಷಿಣ್ಯವೆಂಬ ಹೆಸರಿದೆ. ಸಾಲ ವಸೂಲಿಗೆ ಅದು ಅಡ್ಡಿಯೆಂದು ನಾವು ಹಳಿಯುವುದುಂಟು, ಆದರೆ ಆ ಬೀದಿಯಲ್ಲಿ ಅದೇ ಮೂಲಧನವಾಗಿತ್ತು.

ಒಪ್ಪುವ ಹರಳನ್ನು ಆರಿಸಿಕೊಂಡ ಮೇಲೆ ವೃದ್ಧರು ಉಳಿದ ನಾಲ್ಕನ್ನು ಕಾಗದದಲ್ಲಿ ಮಡಿಸಿ ನನ್ನ ಕೈಗೇ ಕೊಟ್ಟು, “ಹೋಗುವಾಗ ಎದುರಿಗೆ ಕೊಟ್ಟುಬಿಡಿ” ಎಂದು ಓಲೆಯತ್ತ ತಿರುಗಿದರು. ಹತ್ತೇ ಹೆಜ್ಜೆಯ ದಾರಿ. ಪೊಟ್ಟಣವನ್ನು ಎರಡು ಕೈಗಳಲ್ಲಿಯೂ ಹಿಡಿದು ನಡೆದೆ.