ವಿಮಾನದ ಹೊಟ್ಟೆ ಕೆಳಗಿನ ರೇಡಿಯೇಟರ್

ನಾವು ಟಿ.ಸಿ.ಎಚ್. ಮುಗಿಸಿ ಬಿ.ಎ. ಮಾಡಿಕೊಂಡವರು. ಆದರೂ ಜತ್ತ ತಾಲೂಕಿನ ನಮ್ಮ ಕನ್ನಡ ಶಾಲೆಯಲ್ಲಿ ವಿಜ್ಞಾನದ ಪಾಠವೂ ನಮ್ಮ ಪಾಲಿಗೇ ಬಂದಿದೆ. ಘರ್ಷಣೆಯ ಪಾಠದ ದಿನ ಎರಡನೇ ಮಹಾಯುದ್ಧದ ಅಮೆರಿಕದ ಮಸ್ಟಾಂಗ್ ಯುದ್ಧವಿಮಾನದ ಚಿತ್ರ ತೋರಿಸಿ, ಹೊಟ್ಟೆಯ ಕೆಳಗಿನ ಉಬ್ಬಿನಲ್ಲಿ ರೇಡಿಯೇಟರ್ ಇದೆ ಎಂದೆವು. ಟ್ರ್ಯಾಕ್ಟರ್ ಓಡಿಸುವವರ ಮಗನೊಬ್ಬ ಎದ್ದು ನಿಂತ.

"ಸರ್, ಟ್ರ್ಯಾಕ್ಟರಿಗೆ ರೇಡಿಯೇಟರ್ ಮುಂದ ಇರ್ತೈತ್ರಿ. ಇದಕ್ಕ ಯಾಕ್ರಿ ಹೊಟ್ಟಿ ಕೆಳಗ?"

"ಮುಂದೆ ಜಾಗ ಇಲ್ಲ, ಕೂಡು" ಎಂದುಬಿಟ್ಟೆವು. ಆ ವಾರ ಅವನು ಮತ್ತೆ ಕೈ ಎತ್ತಲಿಲ್ಲ. ಅದು ನಮ್ಮನ್ನು ಚುಚ್ಚಿತು. ಪುಸ್ತಕ ಹುಡುಕಿ ಓದಿದೆವು.

ರೇಡಿಯೇಟರ್ ತಣ್ಣಗಾಗಲು ಗಾಳಿ ಬೇಕು. ಅದೇ ಗಾಳಿ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ವೇಗ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟು. ಅದಕ್ಕೇ 1931ರಲ್ಲಿ ಬ್ರಿಟನ್ನಿನ ಎಸ್.6ಬಿ ಎಂಬ ಪಂದ್ಯದ ವಿಮಾನಕ್ಕೆ ರೆಕ್ಕೆಯ ಮೈಯನ್ನೇ ರೇಡಿಯೇಟರ್ ಮಾಡಿದ್ದರು. ಗುಂಡು ತಗಲುವ ಯುದ್ಧವಿಮಾನಕ್ಕೆ ಅದು ಆಗದ ಮಾತು.

1935ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿದ್ದ ಮೆರೆಡಿತ್ ಬೇರೆ ದಾರಿ ತೋರಿಸಿದರು. ಗಾಳಿಯನ್ನು ಸಣ್ಣ ಬಾಯಿಯಿಂದ ಒಳಗೆ ಬಿಟ್ಟು, ಬರಬರುತ್ತ ಅಗಲವಾಗುವ ಕೊಳವೆಯಲ್ಲಿ ನಿಧಾನ ಮಾಡಬೇಕು. ನಿಧಾನವಾದ ಗಾಳಿ ರೇಡಿಯೇಟರ್ ದಾಟುವಾಗ ಎಳೆತ ಕಡಿಮೆ. ಅಲ್ಲಿ ಕಾದು ಹಿಗ್ಗಿದ ಗಾಳಿಯನ್ನು ಕಿರಿದಾದ ಬಾಯಿಯಿಂದ ಹಿಂದಕ್ಕೆ ಬಿಟ್ಟರೆ ಅದು ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ. ಕಳೆದುಕೊಂಡದ್ದರಲ್ಲಿ ಬಹುಪಾಲು ಹೀಗೆ ವಾಪಸು ಬರುತ್ತದೆ. ಇಂಥ ಕೊಳವೆಗೆ ಉದ್ದ ಬೇಕು. ಆ ಉದ್ದ ಸಿಕ್ಕಿದ್ದು ಹೊಟ್ಟೆಯ ಕೆಳಗೆ.

1940ರಲ್ಲಿ ಮೊದಲು ಹಾರಿದ ಮಸ್ಟಾಂಗ್‌ನಲ್ಲಿ ಈ ಏರ್ಪಾಡು ಇತ್ತು. ಮುಂದೆ ಅದಕ್ಕೆ ಮರ್ಲಿನ್ ಎಂಜಿನ್ ಕೂಡಿಸಿದಾಗ, ಅದೇ ಬಗೆಯ ಎಂಜಿನ್ನಿನ ಸ್ಪಿಟ್‌ಫೈರ್‌ಗಿಂತ ಗಂಟೆಗೆ ಸುಮಾರು 50 ಕಿ.ಮೀ. ಹೆಚ್ಚು ವೇಗ ಬಂತು. ರೆಕ್ಕೆಯ ಆಕಾರವೂ ಕಾರಣ, ಈ ಕೊಳವೆಯೂ ಕಾರಣ.

ಸೋಮವಾರ ತರಗತಿಯಲ್ಲಿ "ಅವತ್ತು ನಾವು ಹೇಳಿದ್ದು ತಪ್ಪು" ಎಂದು ಒಪ್ಪಿಕೊಂಡು, ಕೊಳವೆಯ ಚಿತ್ರವನ್ನು ಹಲಗೆಯ ಮೇಲೆ ಬರೆದೆವು. ಹುಡುಗ ತುಸು ಹೊತ್ತು ನೋಡಿ ಕೈ ಎತ್ತಿದ.

"ಎಂಜಿನ್ ಮುಂದ, ರೇಡಿಯೇಟರ್ ಹಿಂದ. ನಡುವಿನ ಪೈಪಿಗೆ ಗುಂಡು ಬಿದ್ರ ನೀರು ಸೋರೂದಿಲ್ಲೇನ್ರಿ?"

ಸೋರುತ್ತಿತ್ತು. ಸೋರಿದರೆ ಎಂಜಿನ್ ಕಾದು ಕೆಲವೇ ನಿಮಿಷಗಳಲ್ಲಿ ಕೆಟ್ಟು ನಿಲ್ಲುತ್ತಿತ್ತು. ಆ ವಿಮಾನದ ದೊಡ್ಡ ದೌರ್ಬಲ್ಯವೇ ಅದು. ಈ ಸಲ ಅವನಿಗೆ ಕೂಡು ಎನ್ನಲಿಲ್ಲ. ಸೀಮೆಸುಣ್ಣ ಕೈಗೆ ಕೊಟ್ಟು, ಆ ಪೈಪನ್ನು ನೀನೇ ಬರೆ ಎಂದೆವು.

ಶಿಕ್ಷಕ ಬಂಧುಗಳೇ, ಉತ್ತರ ತಿಳಿಯದಿದ್ದಾಗ "ನಾಳೆ ಓದಿಕೊಂಡು ಬಂದು ಹೇಳುತ್ತೇವೆ" ಎಂದರೆ ನಮ್ಮ ಮರ್ಯಾದೆಗೇನೂ ಕಡಿಮೆಯಾಗದು.