ಮಾವಿನ ಸುಗ್ಗಿಯಲ್ಲಿ ಹಿಡಿದ ಸೊಂಟ

ಜೂನ್ ತಿಂಗಳ ಬೆಳಗಿನ ಜಾವ. ಶ್ರೀನಿವಾಸಪುರಕ್ಕೆ ಇನ್ನೂ ಬೆಳಕಾಗಿಲ್ಲ, ಮಂಡಿಯ ರಸ್ತೆಗೆ ಮಾತ್ರ ನಿದ್ದೆಯೇ ಇಲ್ಲ. ತೋತಾಪುರಿ ತುಂಬಿದ ಟೆಂಪೊ, ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿವೆ. ಗಾಳಿಯ ತುಂಬ ಮಾವಿನ ಸೊನೆಯ ವಾಸನೆ. ಆ ರಸ್ತೆ ಬಿಟ್ಟು ಒಳಗೆ ತಿರುಗಿ, ಊರಂಚಿನ ಹೆಂಚಿನ ಮನೆಯ ಬಾಗಿಲಲ್ಲಿ ನಿಂತು ನೋಡಿ. ನಡುಮನೆಯ ಚಾಪೆಯ ಮೇಲೆ ನಲವತ್ತೈದು ದಾಟಿದ ಗಂಡಸೊಬ್ಬ ಮಲಗಿದ್ದಾನೆ. ಮಂಡಿಯಲ್ಲಿ ಕ್ರೇಟು ಎತ್ತುವ ಹಮಾಲಿ. ಸುಗ್ಗಿ ಕಾಲದಲ್ಲಿ ಈ ಹೊತ್ತಿಗೆ ಮನೆಯಲ್ಲಿರುವ ಆಸಾಮಿಯೇ ಅಲ್ಲ.

ಆತ ಏಳಲು ನೋಡುತ್ತಾನೆ. ಮಲಗಿದ್ದಲ್ಲಿಂದ ನೇರವಾಗಿ ಎದೆ ಎತ್ತಿದ್ದೇ ತಡ, ಮುಖ ಕಿವುಚಿಕೊಂಡು ಮತ್ತೆ ಬೀಳುತ್ತಾನೆ. ಎಡ ಪಿರ್ರೆಯಲ್ಲಿ ಚುಳ್ಳೆಂದದ್ದು ತೊಡೆಯ ಹಿಂಭಾಗದಲ್ಲಿ ಇಳಿದು, ಮೀನಖಂಡದ ಹೊರಬದಿ ಹಾದು, ಹೆಬ್ಬೆರಳಿನವರೆಗೆ ಹರಿಯುತ್ತದೆ. ಎಲ್ಲಿ ನೋವು ಎಂದು ಕೇಳಿದರೆ ಸೊಂಟವನ್ನಲ್ಲ, ಕಾಲನ್ನೇ ತೋರಿಸುತ್ತಾನೆ.

ಮೊನ್ನೆ ನಡೆದದ್ದು ಇಷ್ಟೆ. ಮುಂಜಾನೆ ಹಾಸಿಗೆ ಬಿಟ್ಟವನೇ ಮಂಡಿಗೆ ಹೋದ. ನೆಲದ ಮೇಲಿದ್ದ ಕ್ರೇಟನ್ನು ಬಾಗಿ ಎತ್ತಿ, ಎತ್ತಿದ ಹಾಗೆಯೇ ಸೊಂಟ ತಿರುಚಿ ಲಾರಿಯ ಕಡೆಗೆ ಹೊರಳಿದ. ಬೆನ್ನಿನ ಮೂಳೆಗಳ ನಡುವಿನ ಡಿಸ್ಕಿಗೆ ಹೊರಗೆ ಗಟ್ಟಿ ನಾರಿನ ಸುತ್ತು, ಒಳಗೆ ನೀರು ಹಿಡಿದಿಟ್ಟುಕೊಳ್ಳುವ ಲೋಳೆ. ರಾತ್ರಿ ಮಲಗಿದಾಗ ಮೈಭಾರ ಇಳಿದು ಅದು ನೀರು ಹೀರಿ ಉಬ್ಬುತ್ತದೆ. ಬೆಳಗ್ಗೆ ಎದ್ದಾಗ ನಾವು ಸ್ವಲ್ಪ ಎತ್ತರವಾಗಿಯೇ ಇರುತ್ತೇವೆ. ಉಬ್ಬಿ ಬಿಗಿದ ಡಿಸ್ಕು ಬಾಗುವುದನ್ನು ಸಹಿಸುವುದಿಲ್ಲ. ಎದ್ದ ಮೊದಲ ಒಂದೆರಡು ಗಂಟೆ ಬಾಗದೆ ಇದ್ದವರಿಗೆ ಸೊಂಟನೋವು ಕಡಿಮೆಯಾದದ್ದನ್ನು ಅಮೆರಿಕದ ಸ್ಟೋವರ್ ಸ್ನೂಕ್ 1998ರಲ್ಲೇ ತೋರಿಸಿದರು. ಮಾವಿನ ಮಂಡಿಯ ದಿನ ಶುರುವಾಗುವುದೇ ಆ ಹೊತ್ತಿನಲ್ಲಿ.

ಒಳಗಿನಿಂದ ಆತನ ತಾಯಿ ಬರುತ್ತಾರೆ. ಬಾಣಲೆಯಲ್ಲಿ ಹುರಿದ ಕಲ್ಲುಪ್ಪನ್ನು ಹಳೇ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿದ್ದಾರೆ. ಗಂಟನ್ನು ಮೊದಲು ತಮ್ಮ ಮುಂಗೈಗೆ ಒತ್ತಿ ಬಿಸಿ ನೋಡಿ, ಆಮೇಲೆ ಮಗನ ಸೊಂಟಕ್ಕೆ ಇಡುತ್ತಾರೆ. ಬಿಗಿದು ನಿಂತಿದ್ದ ಸ್ನಾಯು ನಿಮ್ಮ ಕಣ್ಣೆದುರೇ ಸಡಿಲವಾಗುತ್ತದೆ. ಈ ಶಾಖ ಡಿಸ್ಕಿನವರೆಗೆ ಇಳಿಯುವುದಿಲ್ಲ, ನಿಜ. ಆದರೆ ನರ ನೊಂದಾಗ ಅದರ ಸುತ್ತ ಕಾವಲು ನಿಲ್ಲುವ ಸ್ನಾಯುಗಳ ಸೆಳೆತವೂ ನೋವಿನ ಒಂದು ಪಾಲು. ಆ ಪಾಲಿಗೆ ಉಪ್ಪಿನ ಗಂಟು ಸಾಕು.

ಪಕ್ಕದ ಮನೆಯವರು ಹೊಸಿಲಲ್ಲೇ ನಿಂತು ತಮ್ಮ ಸಲಹೆ ಕೊಡುತ್ತಾರೆ. ಕಾಲು ಮುಂದಾಗಿ ಹುಟ್ಟಿದವರು ಒಬ್ಬರಿದ್ದಾರಂತೆ, ಸೊಂಟಕ್ಕೆ ಒಂದು ಸಲ ಒದ್ದರೆ ಉಳುಕು ಬಿಡುತ್ತದಂತೆ. ಇಲ್ಲಿ ಖಂಡಿತವಾಗಿ ಬೇಡ ಎನ್ನಬೇಕು. ಉಬ್ಬಿದ ಡಿಸ್ಕು ನರಕ್ಕೆ ತಾಗಿ ಕೂತಿರುವಾಗ ಬೆನ್ನಿಗೆ ಒದೆಯುವುದು, ಹತ್ತಿ ತುಳಿಯುವುದು, ತಿರುಚಿ ಲಟಕ್ಕೆನಿಸುವುದು ಇದ್ದ ಕಾಲಿನ ಬಲವನ್ನೂ ಕಳೆದೀತು.

ಹತ್ತು ಗಂಟೆಗೆ ಅಕ್ಕನ ಮಗಳು ಬರುತ್ತಾಳೆ. ಫಿಜಿಯೊಥೆರಪಿ ಓದಿದವಳು. ಚಪ್ಪಲಿ ಬಿಟ್ಟವಳೇ ಮಾವನ ಪಕ್ಕ ಮಂಡಿಯೂರುತ್ತಾಳೆ, ಬೆನ್ನು ಮುಟ್ಟುವುದಿಲ್ಲ. ಮೊದಲು ಪ್ರಶ್ನೆ.

“ಮಾವಾ, ನಾಚ್ಕೋಬೇಡಿ. ಒಂದಕ್ಕೆ ಸರಿಯಾಗಿ ಹೋಗ್ತಿದೆಯಾ? ತಡೆದ ಹಾಗೆ, ಇಲ್ಲ ಗೊತ್ತಾಗದೆ ಹೋದ ಹಾಗೆ ಏನಾದ್ರೂ?”

“ಏನಿಲ್ಲಮ್ಮ, ಸರಿಯಾಗೈತೆ.”

“ಕೂತಾಗ ನೆಲಕ್ಕೆ ತಾಗೋ ಜಾಗದಲ್ಲಿ, ತೊಡೆ ಸಂದಿಯಲ್ಲಿ ಜೋಮು? ಜ್ವರ?”

ಇಲ್ಲ, ಇಲ್ಲ. ಪಾದವನ್ನು ಅಂಗೈಯಿಂದ ಒತ್ತಿ ಹಿಡಿದು, ಹೆಬ್ಬೆರಳನ್ನು ಮೇಲೆತ್ತಲು ಹೇಳುತ್ತಾಳೆ. ಎತ್ತುತ್ತಾನೆ. ಗೋಡೆ ಹಿಡಿಸಿ ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ ನಡೆಸುತ್ತಾಳೆ. ನಡೆಯುತ್ತಾನೆ. ಆಗ ಅವಳ ಮುಖ ತುಸು ಹಗುರಾಗುವುದು ನಿಮಗೆ ಕಾಣುತ್ತದೆ. ಇದರಲ್ಲಿ ಒಂದು ಉತ್ತರ ಬೇರೆಯಾಗಿದ್ದರೂ, ಮೂತ್ರ ಕಟ್ಟಿದ್ದರೆ, ಆಸನದ ಜಾಗ ಮರಗಟ್ಟಿದ್ದರೆ, ಪಾದ ಜೋತುಬಿದ್ದಿದ್ದರೆ, ಮನೆಮದ್ದಿನ ಮಾತೇ ಇಲ್ಲ. ಅದೇ ದಿನ, ರಾತ್ರಿಯಾಗಿದ್ದರೆ ರಾತ್ರಿಯೇ, ಕೋಲಾರದ ದೊಡ್ಡಾಸ್ಪತ್ರೆಗೆ ಗಾಡಿ ಹತ್ತಿಸಬೇಕು. ತಡಮಾಡಿದರೆ ಹೋದ ನರ ಮರಳದೆಯೂ ಇರಬಹುದು.

“ಈಗ ಬೋರಲು ಮಲಕ್ಕೊಳ್ಳಿ. ಕೆಲಸ ಏನೂ ಬೇಡ, ಉಸಿರಾಡಿ ಸಾಕು.”

ಐದು ನಿಮಿಷ ಹಾಗೇ. ಆಮೇಲೆ ಮೊಣಕೈಗಳ ಮೇಲೆ ಎದೆ ಎತ್ತಿಸುತ್ತಾಳೆ, ಸೊಂಟದಿಂದ ಕೆಳಗೆ ಚಾಪೆಗೆ ಬಿಟ್ಟ ಹಾಗೇ. ಸ್ವಲ್ಪ ಹೊತ್ತಿಗೆ ಅಂಗೈ ಊರಿ, ಕೈಬಲದಿಂದಲೇ ಎದೆ ಎತ್ತಿ ಇಳಿಸುವುದು, ಹತ್ತು ಸಲ. ಪ್ರತಿ ಸಲವೂ ಅವಳದು ಒಂದೇ ಪ್ರಶ್ನೆ: “ನೋವು ಈಗ ಎಲ್ಲಿದೆ?”

ಹೆಬ್ಬೆರಳಿನಲ್ಲಿ. ಆಮೇಲೆ ಮೀನಖಂಡದಲ್ಲಿ. ಆಮೇಲೆ ತೊಡೆಯಲ್ಲಿ ಮಾತ್ರ. ಅಷ್ಟರಲ್ಲಿ ಆತ ಗಾಬರಿಯಾಗುತ್ತಾನೆ: “ಅಮ್ಮಾ, ಸೊಂಟದಾಗೆ ಜಾಸ್ತಿ ಆಯ್ತಲ್ಲಾ!”

“ಆಗಲಿ ಮಾವಾ. ಕಾಲು ಬಿಟ್ಟು ಸೊಂಟಕ್ಕೆ ಬಂತಲ್ಲ, ಅದೇ ಬೇಕಾಗಿದ್ದು.”

ಈ ಮನೆಯಿಂದ ನೀವು ಒಂದೇ ಒಂದು ತಿಳಿವಳಿಕೆ ಒಯ್ಯುವುದಾದರೆ ಅದು ಇದೇ ಆಗಲಿ: ನೋವು ಎಷ್ಟಿದೆ ಎಂಬುದಕ್ಕಿಂತ ಎತ್ತ ಸರಿಯುತ್ತಿದೆ ಎಂಬುದು ಮುಖ್ಯ. ಪಾದದಿಂದ ಮೇಲಕ್ಕೆ, ಬೆನ್ನಿನ ನಡುವಿಗೆ ಸರಿದರೆ ಮಾಡುತ್ತಿರುವುದು ಸರಿ. ಕೆಳಕ್ಕೆ ಇಳಿದರೆ ಆ ವ್ಯಾಯಾಮ ಅಲ್ಲಿಗೇ ಬಿಡಬೇಕು. ಇದು ಗೊತ್ತಾದದ್ದು 1956ರಲ್ಲಿ, ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ. ಕಾಲಿನವರೆಗೆ ನೋವಿದ್ದ ರೋಗಿಯೊಬ್ಬರು ತಲೆಯ ಕಡೆ ಎತ್ತರವಾಗಿದ್ದ ಮಂಚದ ಮೇಲೆ ತಾವಾಗಿಯೇ ಬೋರಲು ಮಲಗಿಬಿಟ್ಟಿದ್ದರು. ಫಿಜಿಯೊಥೆರಪಿಸ್ಟ್ ರಾಬಿನ್ ಮೆಕೆಂಜಿ ಬಂದು ನೋಡುವಷ್ಟರಲ್ಲಿ ವಾರಗಟ್ಟಲೆ ಬಿಡದ ಕಾಲುನೋವು ಬಿಟ್ಟಿತ್ತು. ಎಲ್ಲರಿಗೂ ಇದೇ ಒಗ್ಗುವುದಿಲ್ಲ. ವಯಸ್ಸಾಗಿ ನರದ ದಾರಿ ಕಿರಿದಾದವರಿಗೆ ಹಿಂದಕ್ಕೆ ಬಾಗಿದರೆ ಹೆಚ್ಚುತ್ತದೆ, ಮುಂದಕ್ಕೆ ಬಾಗಿದರೆ ಹಿತ. ಅದಕ್ಕೇ ಅವಳು ಕೇಳುತ್ತಲೇ ಇರುವುದು.

ಊಟದ ಹೊತ್ತು. ಬಿಸಿ ಮುದ್ದೆ, ಬಸ್ಸಾರು. ಆತ ಚಕ್ಕಳಮಕ್ಕಳ ಹಾಕಲು ಹೊರಟರೆ ಅಕ್ಕನ ಮಗಳು ತಟ್ಟೆಯನ್ನು ಎತ್ತಿ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಾಳೆ: ನಿಂತೇ ಉಣ್ಣಿ. ಬೆನ್ನು ಗೂನಾಗಿಸಿ ನೆಲದಲ್ಲಿ ಕೂರುವುದು, ಕುಕ್ಕರಗಾಲು, ಬೈಕು ಕೆಲವು ದಿನ ಬಿಡಬೇಕು. ಪಾಯಿಖಾನೆಗೆ ಪ್ಲಾಸ್ಟಿಕ್ ಕಮೋಡ್ ಕುರ್ಚಿ ಸಾಕು. ಮಲಗುವುದೂ ಗಂಟೆಗಟ್ಟಲೆಯಲ್ಲ. ವಾರಗಟ್ಟಲೆ ಹಾಸಿಗೆ ಹಿಡಿಸುತ್ತಿದ್ದ ಕಾಲವೊಂದಿತ್ತು. ಸೊಂಟ ಹಿಡಿದವರಿಗೆ ಏಳು ದಿನದ ವಿಶ್ರಾಂತಿ ಬೇಡ, ಎರಡೇ ದಿನದ್ದು ಸಾಕೆಂದು 1986ರಲ್ಲಿ ಅಮೆರಿಕದ ವೈದ್ಯರು ತೋರಿಸಿದರು, ಈಗ ಅದೂ ಬೇಡ ಎನ್ನುತ್ತಾರೆ. ಆತನನ್ನು ಮನೆ ಹಿಂದಿನ ತೋಪಿನಲ್ಲಿ ಹತ್ತು ನಿಮಿಷ ನಡೆಸುತ್ತಾರೆ, ಕರೆತಂದು ಬೋರಲು ಮಲಗಿಸುತ್ತಾರೆ, ಮತ್ತೆ ನಡೆಸುತ್ತಾರೆ. ರಾತ್ರಿ ಮಗ್ಗುಲಾಗಿ, ಮಂಡಿಗಳ ನಡುವೆ ದಿಂಬು. ಏಳುವಾಗ ಮೊದಲು ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಟ್ಟು, ಕೈಯೂರಿ.

ನೋವಿನ ಮಾತ್ರೆ ವೈದ್ಯರನ್ನು ಕೇಳಿಯೇ, ಹೊಟ್ಟೆಗೆ ಊಟ ಬಿದ್ದ ಮೇಲೆ, ಕೆಲವೇ ದಿನ. ಬಿ.ಪಿ., ಸಕ್ಕರೆ, ಮೂತ್ರಪಿಂಡದ ತೊಂದರೆ ಇದ್ದವರು ಅಂಗಡಿಯಿಂದ ತಂದು ನುಂಗುತ್ತಾ ಹೋಗುವುದು ಅಪಾಯ.

“ಸ್ಕ್ಯಾನಿಂಗ್ ಬೇಡ್ವೇನೇ?” ಆತನ ತಾಯಿಯ ಕಳವಳ. ಈಗಲೇ ಬೇಡ. ನೋವೇ ಇಲ್ಲದ ಐವತ್ತು ವರ್ಷದವರನ್ನು ಸ್ಕ್ಯಾನ್ ಮಾಡಿದರೂ ನೂರರಲ್ಲಿ ಸುಮಾರು ಅರವತ್ತು ಮಂದಿಯಲ್ಲಿ ಡಿಸ್ಕು ಉಬ್ಬಿರುತ್ತದೆ. ಇನ್ನೊಂದು ಸಂಗತಿ ಈ ಮನೆಗೆ ಧೈರ್ಯ ಕೊಡುವಂಥದ್ದು: ಹೊರಬಂದ ಲೋಳೆಯನ್ನು ಅನೇಕರ ದೇಹ ತಿಂಗಳುಗಳಲ್ಲಿ ತಾನೇ ಕರಗಿಸಿಕೊಳ್ಳುತ್ತದೆ. ಆರು ವಾರಕ್ಕೂ ಕಾಲುನೋವು ಇಳಿಯದಿದ್ದರೆ, ಬಲ ಕುಂದುತ್ತಿದ್ದರೆ ಸ್ಕ್ಯಾನಿಂಗ್, ತಜ್ಞರು.

ತೋತಾಪುರಿ ಇನ್ನೂ ರಸದ ಕಾರ್ಖಾನೆಗಳಿಗೆ ಹೋಗುತ್ತಿರುವಾಗಲೇ, ಜುಲೈ ಕೊನೆಯ ಹೊತ್ತಿಗೆ, ಆತನ ಹಿಂದೆ ಮಂಡಿಗೆ ಬನ್ನಿ. ಕ್ರೇಟಿನ ಹತ್ತಿರಕ್ಕೆ ಹೋಗಿ, ಮಂಡಿ ಮಡಚಿ, ಹೊಟ್ಟೆಗೆ ಅಪ್ಪಿ ಎತ್ತುತ್ತಾನೆ; ತಿರುಗುವಾಗ ಸೊಂಟ ತಿರುಚದೆ ಪಾದ ಸರಿಸುತ್ತಾನೆ. ಜರ್ಮನಿಯ ಉಲ್ಮ್‌ನಲ್ಲಿ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಬ್ಬರ ಡಿಸ್ಕಿನೊಳಗೇ ಮಾಪಕ ಇಟ್ಟು ಅಳೆದಿದ್ದಾರೆ: ಬೆನ್ನು ಬಾಗಿಸಿ 20 ಕೆ.ಜಿ. ಎತ್ತಿದಾಗ ಒತ್ತಡ ಸುಮ್ಮನೆ ನಿಂತಿದ್ದಾಗಿನ ನಾಲ್ಕು ಪಟ್ಟಿಗೂ ಹೆಚ್ಚು. ಅದನ್ನೇ ಮೈಗೆ ಅಪ್ಪಿ ಹಿಡಿದಾಗ ಸುಮಾರು ಎರಡು ಪಟ್ಟು. ಇಲ್ಲಿನ ಕ್ರೇಟೂ ಹೆಚ್ಚುಕಡಿಮೆ ಅಷ್ಟೇ ಭಾರ. ಆದರೆ ಕ್ರೇಟುಗಳಿರುವುದು ನೆಲದ ಮೇಲೆ. ಅವನ್ನು ಸೊಂಟದೆತ್ತರದ ಕಟ್ಟೆಯ ಮೇಲೆ ಜೋಡಿಸಿದರೆ ಸುಗ್ಗಿಯುದ್ದಕ್ಕೂ ಈ ಹಮಾಲಿಗಳು ಬಾಗುವ ಲೆಕ್ಕವೇ ಬೇರೆಯಾಗುತ್ತದೆ. ಒಂದಿಷ್ಟು ಇಟ್ಟಿಗೆ, ಸಿಮೆಂಟಿನ ಕೆಲಸ. ಮುಂದಿನ ಮೇ ತಿಂಗಳೊಳಗೆ ಕಟ್ಟಿ ಮುಗಿಸಬಹುದು.